ಪರದೇಶದಲ್ಲಿ ಮನೆ ಅಡುಗೆ: ಯಾವ್ದು ಹೊತ್ಕೊಂಡು ಹೋಗ್ಬೇಕು, ಯಾವ್ದು ಅಲ್ಲೇ ತಗೋಬೇಕು, ಯಾವ್ದನ್ನ ಮರ್ತುಬಿಡ್ಬೇಕು

ಬೇರೆ ದೇಶಕ್ಕೆ ಹೊರಟವರೆಲ್ಲ ಮೊದಲು ಕೇಳೋದು ಒಂದೇ, ನಮ್ಮ ಸಾಮಾನು ಅಲ್ಲಿ ಸಿಗತ್ತಾ ಅಂತ. ಈಗಿನ ಕಾಲದಲ್ಲಿ ಹೆಚ್ಚುಕಮ್ಮಿ ಎಲ್ಲಾ ಕಡೆ ಏನೋ ಒಂದು ಸಿಗತ್ತೆ ಬಿಡಿ, ಆನ್‌ಲೈನ್‌ನಲ್ಲಾದ್ರೂ ಸಿಗತ್ತೆ. ಅಲ್ಲಿಗೆ ಹೋದ್ಮೇಲೆ ನಿಜವಾಗಿ ಕೈಕೊಡೋದು ಯಾರೂ ಕೇಳದೇ ಇರೋ ವಿಷಯಗಳು: ಬಾಡಿಗೆ ಮನೆ ಒಲೆ ಎಂಥದು, ಕರೆಂಟು ಎಷ್ಟು ವೋಲ್ಟು, ನಲ್ಲಿ ನೀರು ಗಡಸೋ ಮೆದುವೋ, ಹೊಗೆ ಹೋಗೋಕೆ ದಾರಿ ಇದ್ಯಾ, ರೆಸಿಪಿಯಲ್ಲಿ ಬರೆದಿರೋ ಒಂದು ಕಪ್ ಅಂದ್ರೆ ಯಾವ ದೇಶದ ಕಪ್. ಹಾಗಾಗಿ ಇಲ್ಲಿ ಒಂದೊಂದನ್ನೂ ಪಕ್ಕಪಕ್ಕ ಇಟ್ಟು ನೋಡೋಣ, ನನ್ನ ಅಭಿಪ್ರಾಯನೂ ಜೊತೆಗೇ ಹೇಳ್ತಾ ಹೋಗ್ತೀನಿ, ಒಪ್ಪದೇ ಇರೋರು ಇದ್ದೇ ಇರ್ತೀರ.

ನನ್ನ ವಾದ ಮೊದಲೇ ಹೇಳ್ಬಿಡ್ತೀನಿ. ಹೊಟ್ಟೆ ತುಂಬಿಸೋ ಸಾಮಾನೆಲ್ಲ, ಅಂದ್ರೆ ಧಾನ್ಯ, ತರಕಾರಿ, ಹಾಲು, ಎಣ್ಣೆ, ಇವೆಲ್ಲ ಇರೋ ಊರಿನದ್ದೇ ಆಗ್ಲಿ. ಪರಿಮಳ ಕೊಡೋ ಸಾಮಾನು ಮಾತ್ರ ನಮ್ಮ ಕಡೆಯಿಂದ ಬರ್ಲಿ. ಎರಡನೇದು ತೂಕನೂ ಕಮ್ಮಿ, ಬೇಗ ಕೆಡೋದೂ ಇಲ್ಲ, ಅದಕ್ಕೆ ಬದಲಿಯೂ ಸುಲಭಕ್ಕೆ ಸಿಗಲ್ಲ. ಮೊದಲನೇದಕ್ಕೆ ಈ ಮೂರೂ ಉಲ್ಟಾ. ಆದ್ರೂ ಜನ ಸೂಟ್‌ಕೇಸ್ ತುಂಬ ಅಕ್ಕಿ ಬೇಳೆ ತುಂಬಿಸ್ಕೊಂಡು ಹೋಗ್ತಾರೆ, ಏಲಕ್ಕಿ ಮರೆತಿರ್ತಾರೆ.

ಒಲೆ: ಗ್ಯಾಸು, ಗಾಜಿನ ಒಲೆ, ಇಂಡಕ್ಷನ್ನು

ಗ್ಯಾಸ್ ಒಲೆ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಉರಿ ಕಣ್ಣಿಗೆ ಕಾಣ್ಸತ್ತೆ, ತಗ್ಗಿಸಿದ ತಕ್ಷಣ ತಗ್ಗತ್ತೆ, ತಳ ಗುಂಡಗಿರೋ ಬಾಣಲೆನೂ ಕೂರತ್ತೆ. ಆದ್ರೆ ಹೊಸ ಬಾಡಿಗೆ ಮನೆಗಳಲ್ಲಿ ಗ್ಯಾಸ್ ಸಿಗೋದೇ ಅಪರೂಪ ಆಗ್ತಿದೆ, ಹೆಚ್ಚಿನ ಕಡೆ ಕಪ್ಪು ಗಾಜಿನ ಮೇಲ್ಮೈ ಇರೋ ಎಲೆಕ್ಟ್ರಿಕ್ ಒಲೆ ಇರತ್ತೆ. ಇದರಲ್ಲೂ ಎರಡು ಜಾತಿ, ಹೊರಗಿಂದ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ಒಂದರಲ್ಲಿ ಗಾಜಿನ ಕೆಳಗೆ ಕಾಯಿಲ್ ಕೆಂಪಾಗಿ ಕಾಯತ್ತೆ, ಅದು ಸಿರಾಮಿಕ್. ಇನ್ನೊಂದರಲ್ಲಿ ಗಾಜು ತಾನಾಗಿ ಕಾಯೋದೇ ಇಲ್ಲ, ಆಯಸ್ಕಾಂತ ಕ್ಷೇತ್ರದಿಂದ ಪಾತ್ರೆ ತಳನೇ ಬಿಸಿಯಾಗತ್ತೆ, ಅದು ಇಂಡಕ್ಷನ್.

ಸಿರಾಮಿಕ್ ಒಲೆಯ ಸ್ವಭಾವ ಅರ್ಥ ಆಗೋಕೆ ಸ್ವಲ್ಪ ದಿನ ಬೇಕು. ನಾಬ್ ಮಧ್ಯಕ್ಕೆ ಇಟ್ರೂ ಕಾಯಿಲ್ ಮಧ್ಯಮವಾಗಿ ಉರಿಯಲ್ಲ, ಪೂರ್ತಿ ಕೆಂಪಾಗತ್ತೆ, ಆಮೇಲೆ ಪೂರ್ತಿ ಆರತ್ತೆ, ಮತ್ತೆ ಕೆಂಪಾಗತ್ತೆ, ಹೀಗೆ ಆನ್ ಆಫ್ ಆಗ್ತಾ ಸರಾಸರಿಯಲ್ಲಿ ಮಧ್ಯಮ ಉರಿ ಕೊಡತ್ತೆ. ಹಾಲು ಕಾಯಿಸ್ತಿದ್ದೀರ ಅಂದ್ಕೊಳ್ಳಿ, ಅಂಚಲ್ಲಿ ಗುಳ್ಳೆ ಏಳೋಕೆ ಶುರುವಾಯ್ತು, ನೀವು ಆಫ್ ಮಾಡಿದ್ರಿ, ಆದ್ರೂ ಹಾಲು ಮೇಲಕ್ಕೆ ಬರ್ತಾನೇ ಇರತ್ತೆ, ಯಾಕಂದ್ರೆ ಗಾಜಿನಲ್ಲಿ ಇನ್ನೂ ಸುಮಾರು ಹೊತ್ತು ಬಿಸಿ ಉಳ್ಕೊಂಡಿರತ್ತೆ. ಪರಿಹಾರ ಒಂದೇ, ಪಾತ್ರೆನ ಎತ್ತಿ ಪಕ್ಕಕ್ಕಿಡೋದು. ಸಾಸಿವೆ ಸಿಡಿಸೋವಾಗಲೂ ಅಷ್ಟೇ, ಪಕ್ಕದ ಬರ್ನರ್ ಖಾಲಿ ಇಟ್ಕೊಂಡಿರಿ.

ಇಂಡಕ್ಷನ್ ಇದಕ್ಕೆ ತದ್ವಿರುದ್ಧ, ಗ್ಯಾಸಿಗಿಂತಲೂ ಬೇಗ ನೀರು ಕುದಿಸತ್ತೆ, ಆಫ್ ಮಾಡಿದ್ರೆ ಅಲ್ಲೇ ನಿಲ್ಲತ್ತೆ. ಆದ್ರೆ ಪಾತ್ರೆ ತಳಕ್ಕೆ ಆಯಸ್ಕಾಂತ ಅಂಟ್ಬೇಕು. ಮನೆಯಿಂದ ಹೊರಡೋ ಮುಂಚೆ ಫ್ರಿಜ್ಜಿಗೆ ಅಂಟಿಸಿರೋ ಮ್ಯಾಗ್ನೆಟ್ ಒಂದು ಕಿತ್ಕೊಂಡು ಕುಕ್ಕರಿನ ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಕಚ್ಕೊಂಡ್ರೆ ಸರಿ, ಜಾರಿ ಬಿದ್ರೆ ಆ ಕುಕ್ಕರ್ ಅಲ್ಲಿ ಡಬ್ಬಿಯಷ್ಟೇ. ಬರೀ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಯಾವ್ದೂ ಸಾಮಾನ್ಯ ಇಂಡಕ್ಷನ್ ಮೇಲೆ ಕೆಲಸ ಮಾಡಲ್ಲ. ಸ್ಟೀಲ್‌ನಲ್ಲೂ ಕೆಲವು ಅಂಟತ್ತೆ ಕೆಲವು ಅಂಟಲ್ಲ, ಅದಕ್ಕೇ ಪರೀಕ್ಷೆ ಮಾಡಿ ಅನ್ನೋದು. ಬೀಡು ಕಬ್ಬಿಣದ ಕಾವಲಿ ಚೆನ್ನಾಗಿ ನಡೆಯತ್ತೆ, ಆದ್ರೆ ಗಾಜಿನ ಮೇಲೆ ಎಳೀಬೇಡಿ, ಗೀರು ಬೀಳತ್ತೆ, ಡೆಪಾಸಿಟ್ ದುಡ್ಡಿಗೆ ಕತ್ತರಿ. ಮಧ್ಯದಲ್ಲಿ ಒಂದು ತಟ್ಟೆ ಇಟ್ಟು ಮಾಮೂಲಿ ಪಾತ್ರೆ ಬಳಸಬಹುದು ಅಂತ ಮಾರೋ ಇಂಡಕ್ಷನ್ ಡಿಸ್ಕ್ ತಗೋಬೇಡಿ, ಅದು ಇಂಡಕ್ಷನ್‌ನ ವೇಗವನ್ನೆಲ್ಲ ತಿಂದುಹಾಕಿ ಅದನ್ನ ಮತ್ತೆ ಸಿರಾಮಿಕ್ ಒಲೆ ಮಾಡಿಬಿಡತ್ತೆ.

ಆಯ್ಕೆ ನಿಮ್ಮ ಕೈಯಲ್ಲಿದ್ರೆ ಇಂಡಕ್ಷನ್ ಅಂತೀನಿ ನಾನು. ಬಾಡಿಗೆ ಮನೆಯಲ್ಲಿ ಸಿರಾಮಿಕ್ ಇದ್ರೆ ಒಂದೇ ಬರ್ನರಿನ ಪೋರ್ಟಬಲ್ ಇಂಡಕ್ಷನ್ ಪ್ಲೇಟ್ ಅಲ್ಲೇ ತಗೊಂಡು ಪಕ್ಕದಲ್ಲಿಟ್ಕೊಳ್ಳಿ, ಹುರಿಯೋದು ಕುದಿಸೋದು ಅದರಲ್ಲಿ, ನಿಧಾನವಾಗಿ ಬೇಯೋದು ಗಾಜಿನ ಒಲೆ ಮೇಲೆ.

ಮಿಕ್ಸಿ ತಗೊಂಡು ಹೋಗೋದಾ, ಅಲ್ಲೇ ಕೊಳ್ಳೋದಾ

ಇಲ್ಲಿ ಎಡವೋರು ಬಹಳ ಜನ, ಯಾಕಂದ್ರೆ ಪ್ಲಗ್ ಅಡಾಪ್ಟರ್ ಹಾಕಿದ್ರೆ ಮುಗೀತು ಅಂದ್ಕೋತಾರೆ. ಅಡಾಪ್ಟರ್ ಬದಲಾಯಿಸೋದು ಪಿನ್ನಿನ ಆಕಾರ ಮಾತ್ರ, ವೋಲ್ಟೇಜ್ ಅಲ್ಲ. ಭಾರತ, ಯೂರೋಪು, ಆಸ್ಟ್ರೇಲಿಯಾ ಇವೆಲ್ಲ 230 ವೋಲ್ಟ್ 50 ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗತ್ತೆ ಅನ್ನೋ ಲೆಕ್ಕ) ಗುಂಪು. ಅಮೆರಿಕ, ಕೆನಡಾ 120 ವೋಲ್ಟ್ 60 ಹರ್ಟ್ಸ್. ಜಪಾನ್ 100 ವೋಲ್ಟ್, ಅದರಲ್ಲೂ ಪೂರ್ವದ ಅರ್ಧ 50 ಹರ್ಟ್ಸ್, ಪಶ್ಚಿಮದ ಅರ್ಧ 60, ಒಂದೇ ದೇಶದೊಳಗೆ ಎರಡು.

ನೀವು ಒಂದೇ ಗುಂಪಿನೊಳಗೆ ಓಡಾಡ್ತಿದ್ರೆ ತೊಂದರೆ ಇಲ್ಲ, ಅಡಾಪ್ಟರ್ ಸಾಕು, ಆದ್ರೆ ಅದರ ಮೇಲೆ ಬರೆದಿರೋ ಆಂಪ್ಸ್ ನೋಡಿ, ಫೋನ್ ಚಾರ್ಜರಿಗೆ ಅಂತ ಮಾಡಿರೋ ಚಿಕ್ಕ ಅಡಾಪ್ಟರಿಗೆ ಮಿಕ್ಸಿ ಹಾಕಿದ್ರೆ ಕರಗತ್ತೆ. 230ರ ವಸ್ತುವನ್ನ 120ಕ್ಕೆ ಹಾಕಿದ್ರೆ ಸಾಮಾನ್ಯವಾಗಿ ಸುಡಲ್ಲ, ಆದ್ರೆ ಸೋಮಾರಿಯಾಗತ್ತೆ. ಬಿಸಿ ಮಾಡೋ ಉಪಕರಣಗಳಲ್ಲಿ ಇದು ಇನ್ನೂ ಕೆಟ್ಟದು, ವೋಲ್ಟೇಜ್ ಅರ್ಧ ಆದ್ರೆ ಪವರ್ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯತ್ತೆ. 1000 ವ್ಯಾಟಿನ ರೈಸ್ ಕುಕ್ಕರ್ ಅಲ್ಲಿ ಸುಮಾರು 250 ವ್ಯಾಟಿನದ್ದಾಗಿ ಕೂತಿರತ್ತೆ, ಅಕ್ಕಿ ಬೇಯಲ್ಲ, ನೆನೆಯತ್ತೆ. ಉಲ್ಟಾ ದಿಕ್ಕಿನಲ್ಲಿ, ಅಂದ್ರೆ 120ರದ್ದನ್ನ 230ಕ್ಕೆ ಹಾಕಿದ್ರೆ ನೇರ ಹೊಗೆನೇ.

ಟ್ರಾನ್ಸ್‌ಫಾರ್ಮರ್ ತಗೊಂಡ್ರೆ ಆಗಲ್ವಾ ಅಂತೀರ. ಆಗತ್ತೆ, ಆದ್ರೆ 750 ವ್ಯಾಟಿನ ಮಿಕ್ಸಿಗೆ ಸ್ಟಾರ್ಟ್ ಆಗೋವಾಗಿನ ಎಳೆತ ಲೆಕ್ಕ ಹಾಕಿದ್ರೆ 1500 ವ್ಯಾಟಿನದ್ದಾದ್ರೂ ಬೇಕು, ಅದರ ತೂಕ ಮಿಕ್ಸಿಗಿಂತ ಜಾಸ್ತಿ, ಕೌಂಟರ್ ಮೇಲೆ ಅದಕ್ಕೇ ಒಂದು ಜಾಗ ಬೇಕು, ಗುಂಯ್ ಅಂತಿರತ್ತೆ. ಹರ್ಟ್ಸ್ ವಿಷಯಕ್ಕೆ ಬಂದ್ರೆ ಮಿಕ್ಸಿಗೆ ಅಷ್ಟು ತಲೆಕೆಡಿಸ್ಕೊಳ್ಳೋದು ಬೇಡ, ಅದರೊಳಗಿರೋದು ಬ್ರಶ್ ಇರೋ ಯೂನಿವರ್ಸಲ್ ಮೋಟಾರು, ಅದರ ವೇಗ ಹರ್ಟ್ಸ್ ಮೇಲೆ ನಿಂತಿಲ್ಲ. ಕಲ್ಲಿನ ಗ್ರೈಂಡರಿನಲ್ಲಿ ಇರೋದು ಸಾಮಾನ್ಯವಾಗಿ ಇಂಡಕ್ಷನ್ ಮೋಟಾರು, ಅದರ ವೇಗ ಹರ್ಟ್ಸ್ ಮೇಲೇ ನಿಂತಿರತ್ತೆ, 50ರಿಂದ 60ಕ್ಕೆ ಹೋದ್ರೆ 20 ಪರ್ಸೆಂಟ್ ಜೋರಾಗಿ ತಿರುಗತ್ತೆ, ಟ್ರಾನ್ಸ್‌ಫಾರ್ಮರ್ ಇದನ್ನ ಸರಿಮಾಡಲ್ಲ.

ಹಾಗಾದ್ರೆ ಅಲ್ಲಿನ ಬ್ಲೆಂಡರ್? ಅದು ನೀರು ಜಾಸ್ತಿ ಇರೋ ಪದಾರ್ಥಕ್ಕೆ ಮಾಡಿರೋದು, ಸ್ಮೂದಿಗೆ ಸೂಪಿಗೆ ಚೆನ್ನಾಗಿದೆ. ಗಟ್ಟಿ ಮಸಾಲೆ ಹಾಕಿದ್ರೆ ಬ್ಲೇಡ್ ಸುತ್ತ ಗಾಳಿ ಗುಳ್ಳೆ ಕಟ್ಕೊಂಡು ಬ್ಲೇಡ್ ಮಾತ್ರ ತಿರುಗತ್ತೆ, ಮಸಾಲೆ ಗೋಡೆಗೆ ಅಂಟ್ಕೊಂಡು ನೋಡ್ತಿರತ್ತೆ. ಒಣ ಮಸಾಲೆಗೆ ಅಲ್ಲಿನ ಕಾಫಿ ಬೀಜದ ಗ್ರೈಂಡರ್ ಸಾಕು, ಒದ್ದೆ ಮಸಾಲೆಗೆ ಅದೇ ದೇಶದ ವೋಲ್ಟೇಜಿಗೆ ಮಾಡಿರೋ ಮಿಕ್ಸಿ ತರಿಸ್ಕೊಳ್ಳಿ, ಈಗ ಮಾಡ್ತಾರೆ.

ಕುಕ್ಕರು: ಸೀಟಿ ಹಾಕೋದು, ಬಟನ್ ಒತ್ತೋದು, ನಿಧಾನಕ್ಕೆ ಬೇಯಿಸೋದು

ಒಲೆ ಮೇಲಿಡೋ ಪ್ರೆಶರ್ ಕುಕ್ಕರ್ ಸುಮಾರು 15 ಪಿಎಸ್‌ಐ ಒತ್ತಡಕ್ಕೆ ಹೋಗತ್ತೆ, ಒಳಗೆ ನೀರು ಸುಮಾರು 121 ಡಿಗ್ರಿ ಮುಟ್ಟತ್ತೆ. ಎಲೆಕ್ಟ್ರಿಕ್ ಮಲ್ಟಿಕುಕ್ಕರ್‌ಗಳು ಹೆಚ್ಚಿನವು 10ರಿಂದ 12 ಪಿಎಸ್‌ಐ, ಅಂದ್ರೆ 115 ಡಿಗ್ರಿ ಆಸುಪಾಸು. ಅದಕ್ಕೇ ಅದರಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಮೂರು ಸೀಟಿ ಅಂದ್ರೆ ಎಷ್ಟು ನಿಮಿಷ ಅಂತ ಯಾರಾದ್ರೂ ಕೇಳಿದ್ರೆ ನೇರ ಉತ್ತರನೂ ಇಲ್ಲ, ಸೀಟಿ ಲೆಕ್ಕ ಅನ್ನೋದು ಒಲೆ, ಕುಕ್ಕರ್, ನೀರಿನ ಪ್ರಮಾಣ ಎಲ್ಲಾ ಸೇರಿ ಆಗೋದು. ಆದ್ರೆ ಮಲ್ಟಿಕುಕ್ಕರಿಗೆ ಒಂದು ದೊಡ್ಡ ಅನುಕೂಲ ಇದೆ, ಒಲೆ ಎಂಥದಾದ್ರೂ ಅದಕ್ಕೆ ಸಂಬಂಧ ಇಲ್ಲ, ಸೀಟಿ ಶಬ್ದ ಇಲ್ಲ, ಪಕ್ಕದ ಮನೆಯವರು ಬಾಂಬು ಅಂತ ಗಾಬರಿ ಬೀಳಲ್ಲ, ಹಾಕಿ ಸ್ನಾನಕ್ಕೆ ಹೋಗಬಹುದು. ಒಬ್ಬರೇ ಅಥವಾ ಇಬ್ಬರೇ ಇರೋ ಮನೆಗೆ ರೈಸ್ ಕುಕ್ಕರ್, ಪ್ರೆಶರ್ ಕುಕ್ಕರ್ ಎರಡರ ಬದಲು ಇದೊಂದೇ ಸಾಕು. ಅದರಲ್ಲಿ ಬರೋ ಹತ್ತಾರು ಬಟನ್‌ಗಳಲ್ಲಿ ಉಪಯೋಗಕ್ಕೆ ಬರೋದು ಎರಡೋ ಮೂರೋ.

ಸ್ಲೋ ಕುಕ್ಕರ್ ಬಗ್ಗೆ ಮಾತ್ರ ಎಚ್ಚರಿಕೆ. ಅಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭಕ್ಕೆ ಸಿಗತ್ತೆ ಅಂತ ಜನ ತಗೋತಾರೆ, ಬೆಳಗ್ಗೆ ಒಣ ರಾಜ್ಮಾ ಹಾಕಿ ಸಂಜೆ ತಿನ್ನೋಣ ಅಂತ. ಕೆಂಪು ರಾಜ್ಮಾ ಕಾಳಿನಲ್ಲಿ ಫೈಟೋಹಿಮಗ್ಲುಟಿನಿನ್ ಅನ್ನೋ ವಿಷಕಾರಿ ಪ್ರೋಟೀನ್ ಇರತ್ತೆ, ಅದು ಹೋಗೋಕೆ ಜೋರಾಗಿ ಕುದಿಯಲೇಬೇಕು. ಸ್ಲೋ ಕುಕ್ಕರ್ ಎಷ್ಟೋ ಸಲ ಕುದಿಯೋ ಹಂತಕ್ಕೇ ಬರಲ್ಲ, 80 ಡಿಗ್ರಿ ಹತ್ರ ನಿಂತ್ರೆ ವಿಷ ಹೋಗೋದಿರ್ಲಿ, ಹಸಿ ಕಾಳಿಗಿಂತ ಜಾಸ್ತಿನೂ ಆಗಬಹುದು. ಮೆತ್ತಗಾಗಿದೆ ಅಂತ ತಿಂದ್ರೆ ಕೆಲವೇ ಗಂಟೆಯಲ್ಲಿ ವಾಂತಿ ಭೇದಿ. ಕಾಳನ್ನ ಕಮ್ಮಿ ಅಂದ್ರೂ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿ, ಆಮೇಲೆ ಬೇಕಾದ್ರೆ ಸ್ಲೋ ಕುಕ್ಕರಿಗೆ ಹಾಕಿ. ಇಲ್ಲಾಂದ್ರೆ ಡಬ್ಬಿಯದ್ದು ತಗೊಳ್ಳಿ, ಅದು ಆಗಲೇ ಪೂರ್ತಿ ಬೆಂದಿರತ್ತೆ.

ಇನ್ನೊಂದು, ಎಷ್ಟು ಬೇಯಿಸಿದ್ರೂ ಬೇಳೆ ಕಾಳು ಮೆತ್ತಗಾಗ್ತಿಲ್ಲ ಅಂದ್ರೆ ಕುಕ್ಕರ್ ಬೈಯೋಕೆ ಮುಂಚೆ ಕೆಟಲ್ ಒಳಗೆ ಇಣುಕಿ ನೋಡಿ. ತಳದಲ್ಲಿ ಬಿಳಿ ಪದರ ಕಟ್ಟಿದ್ರೆ ನೀರು ಗಡಸು, ಅದರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಕಾಳಿನ ಪೆಕ್ಟಿನ್ (ಕಾಳಿನ ಕಣಗಳನ್ನ ಹಿಡಿದಿಡೋ ಅಂಟು) ಜೊತೆ ಸೇರ್ಕೊಂಡು ಗಟ್ಟಿ ಮಾಡತ್ತೆ. ಫಿಲ್ಟರ್ ಜಗ್ಗಿನ ನೀರು ಬಳಸಿ, ಅಥವಾ ಚಿಟಿಕೆ ಅಡುಗೆ ಸೋಡ ಹಾಕಿ. ಟೊಮೇಟೊ, ಹುಳಿ ಇವನ್ನೆಲ್ಲ ಕಾಳು ಬೆಂದ ಮೇಲೇ ಹಾಕಿ, ಹುಳಿ ಇದ್ರೆ ಮೆತ್ತಗಾಗೋದು ತಡ.

ಅಕ್ಕಿ, ಹಿಟ್ಟು, ಹಾಲು

ಅಕ್ಕಿಯನ್ನ ಹೆಸರು ನೋಡಿ ತಗೊಳ್ಳೋದಕ್ಕಿಂತ ಕಾಳಿನ ಆಕಾರ ನೋಡಿ ತಗೊಳ್ಳಿ. ಉದ್ದ ಕಾಳಿನಲ್ಲಿ ಸಾಮಾನ್ಯವಾಗಿ ಅಮೈಲೋಸ್ ಅನ್ನೋ ಪಿಷ್ಟ ಜಾಸ್ತಿ, ಅನ್ನ ಉದುರುದುರು. ಗಿಡ್ಡ ದುಂಡು ಕಾಳಿನಲ್ಲಿ ಕಮ್ಮಿ, ಅನ್ನ ಅಂಟಂಟು. ಅಂಟಕ್ಕಿ ಅಂತ ಮಾರೋದ್ರಲ್ಲಿ ಅಮೈಲೋಸ್ ಹೆಚ್ಚುಕಮ್ಮಿ ಇರೋದೇ ಇಲ್ಲ, ಅದನ್ನ ದಿನದ ಅನ್ನಕ್ಕೆ ಅಂತ ತಂದ್ರೆ ಮುದ್ದೆ ಪಾತ್ರೆ ಬಿಟ್ಟು ಬರಲ್ಲ. ಕೈಯಲ್ಲಿ ಕಲಸಿ ತಿನ್ನೋರಿಗೆ ಮಧ್ಯಮ ಕಾಳಿನ ಅಕ್ಕಿ ಎಲ್ಲಾ ದೇಶದಲ್ಲೂ ಒಳ್ಳೆ ರಾಜಿ ಸೂತ್ರ.

ಹಿಟ್ಟಿನದ್ದು ದೊಡ್ಡ ರಗಳೆ. ಜರ್ಮನಿಯಲ್ಲಿ ಪ್ಯಾಕೆಟ್ ಮೇಲೆ 405, 550, 1050 ಅಂತ ನಂಬರ್ ಇರತ್ತೆ, ಅದು 100 ಗ್ರಾಂ ಹಿಟ್ಟು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯತ್ತೆ ಅನ್ನೋ ಲೆಕ್ಕ, ನಂಬರ್ ದೊಡ್ಡದಾದಷ್ಟೂ ತೌಡು ಜಾಸ್ತಿ. ಫ್ರಾನ್ಸಿನ ಟಿ 45, ಟಿ 55, ಟಿ 65 ಕೂಡ ಇದೇ ಜಾತಿ ಲೆಕ್ಕ. ಬ್ರಿಟನ್ನಲ್ಲಿ ಸೆಲ್ಫ್ ರೈಸಿಂಗ್ ಅಂತ ಬರೆದಿರೋದ್ರಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆಸಿರ್ತಾರೆ, ಅದರಲ್ಲಿ ತೆಳ್ಳಗೆ ಲಟ್ಟಿಸೋ ಯಾವ ರೊಟ್ಟಿಯೂ ಸರಿ ಬರಲ್ಲ. ಅಲ್ಲಿನ ಹೋಲ್‌ಮೀಲ್ ಹಿಟ್ಟಿನಲ್ಲಿ ಹೆಚ್ಚಾಗಿ ತೌಡು ದಪ್ಪ ಚೂರುಗಳಾಗಿ ಇರತ್ತೆ, ಬ್ರೆಡ್ಡಿಗೆ ಸೊಗಸು, ಲಟ್ಟಿಸಿದ್ರೆ ಅಂಚು ಬಿರಿಯತ್ತೆ. ಜರಡಿ ಹಿಡಿದು ಅರ್ಧ ಮಾಮೂಲಿ ಬಿಳಿ ಹಿಟ್ಟು ಸೇರಿಸಿ, ಬಿಸಿನೀರಲ್ಲಿ ಕಲಸಿ ಅರ್ಧ ಗಂಟೆ ಮುಚ್ಚಿಡಿ, ಸುಮಾರಾಗಿ ದಾರಿಗೆ ಬರತ್ತೆ.

ಹಾಲಿನಲ್ಲಿ ಕೋಲ್ಡ್ ಕಪಾಟಿನದ್ದೋ ಹೊರಗಿಟ್ಟಿರೋ ಡಬ್ಬದ್ದೋ ಅನ್ನೋದು ಪ್ರಶ್ನೆ. ಹೊರಗಿಟ್ಟಿರೋದು ಯುಎಚ್‌ಟಿ, 135 ಡಿಗ್ರಿಗಿಂತ ಮೇಲೆ ಕೆಲವೇ ಸೆಕೆಂಡು ಕಾಯಿಸಿರೋದು. ಮೊಸರಿಗೆ ಅದನ್ನ ಮತ್ತೆ ಕುದಿಸೋದು ಬೇಡ, ಬೆಚ್ಚಗೆ ಮಾಡಿ ಹೆಪ್ಪು ಹಾಕಿದ್ರೆ ಆಯ್ತು, ಆದ್ರೆ ಮೊಸರು ಸ್ವಲ್ಪ ಸಡಿಲ ಬರತ್ತೆ. ಗಟ್ಟಿ ಬೇಕಾದ್ರೆ ಫ್ರಿಜ್ಜಿನ ಪೂರ್ತಿ ಕೆನೆ ಹಾಲು ತಗೊಂಡು 85 ಡಿಗ್ರಿ ತನಕ ಕಾಯಿಸಿ 43ಕ್ಕೆ ಇಳಿಸಿ ಹೆಪ್ಪು ಹಾಕಿ. ಹೆಪ್ಪಿಗೆ ಅಂಗಡಿ ಮೊಸರೇ ಸಾಕು, ಲೇಬಲ್ ಮೇಲೆ ಜೀವಂತ ಕಲ್ಚರ್ ಇದೆ ಅಂತಿದ್ರೆ. ಚಳಿ ದೇಶದಲ್ಲಿ ಓವನ್ ಆನ್ ಮಾಡದೆ ಬರೀ ಒಳಗಿನ ಲೈಟ್ ಹಾಕಿಟ್ರೂ ಎಷ್ಟೋ ಓವನ್‌ಗಳಲ್ಲಿ ಹಿಟ್ಟು ಹುದುಗೋಷ್ಟು ಬೆಚ್ಚಗಿರತ್ತೆ, ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿ ಮಾತ್ರ, ಮನೆಯಲ್ಲಿ ಇನ್ಯಾರೋ ಪಿಜ್ಜಾಕ್ಕೆ ಅಂತ ಆನ್ ಮಾಡಿಬಿಡ್ತಾರೆ.

ತಾಜಾ, ಫ್ರೋಜನ್, ಡಬ್ಬಿ

ತಾಜಾ ಅಂದ್ರೆ ಯಾವಾಗಲೂ ಮೇಲು ಅನ್ನೋದು ಪರದೇಶದಲ್ಲಿ ಪೂರ್ತಿ ನಿಜ ಅಲ್ಲ. ಚಳಿಗಾಲದ ಟೊಮೇಟೊ ಕೆಂಪಗಿರತ್ತೆ, ರುಚಿ ಇರಲ್ಲ, ಆಗ ಡಬ್ಬಿ ಟೊಮೇಟೊನೇ ವಾಸಿ. ಆದ್ರೆ ಅದರಲ್ಲೂ ಹೆಚ್ಚಿರೋದು ಬೇಡ, ಇಡೀದು ತಗೊಳ್ಳಿ. ಹೆಚ್ಚಿರೋ ಟೊಮೇಟೊಗೆ ಚೂರು ಒಡೀಬಾರ್ದು ಅಂತ ಎಷ್ಟೋ ಕಡೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿರ್ತಾರೆ, ಗೊಜ್ಜಿಗೆ ಹಾಕಿದ್ರೆ ಎಷ್ಟು ಬೇಯಿಸಿದ್ರೂ ತುಂಡು ತುಂಡಾಗೇ ಇರತ್ತೆ. ಬಟಾಣಿ, ಪಾಲಕ್, ಬೀನ್ಸ್, ತುರಿದ ತೆಂಗಿನಕಾಯಿ ಇವೆಲ್ಲ ಫ್ರೋಜನ್ ಕಣ್ಣುಮುಚ್ಚಿ ತಗೋಬಹುದು. ಬದನೆಕಾಯಿ, ಸೌತೆಕಾಯಿ ಥರ ನೀರಿನಂಶದ್ದು ಫ್ರೋಜನ್ ಬೇಡ. ಡಬ್ಬಿ ಕಾಳು 400 ಗ್ರಾಂ ಅಂತಿದ್ರೆ ನೀರು ಸೋಸಿದ ಮೇಲೆ ಉಳಿಯೋದು ಸುಮಾರು 240 ಗ್ರಾಂ, ಲೆಕ್ಕ ಇಟ್ಕೊಳ್ಳಿ.

ಖಾರಕ್ಕೆ ಬದಲಿ ಹುಡುಕೋವಾಗ ಬಣ್ಣ ಬೇರೆ ಖಾರ ಬೇರೆ ಅಂತ ಭಾಗ ಮಾಡ್ಕೊಂಡ್ರೆ ಕೆಲಸ ಸುಲಭ, ಸಿಹಿ ಪ್ಯಾಪ್ರಿಕಾ ಬಣ್ಣ ಕೊಡತ್ತೆ, ಕೈಯೆನ್ ಪುಡಿ ಖಾರ ಕೊಡತ್ತೆ, ಎರಡೂ ನಿಮ್ಮ ಅಳತೆಗೆ ಬೆರೆಸಿ. ಹುಳಿಗೆ ನಿಂಬೆ, ವಿನೆಗರ್ ಎಲ್ಲಾ ಕಡೆ ಸಿಗತ್ತೆ, ಆದ್ರೆ ಹುಣಸೆಯ ಆ ಮಂದ ಕಂದು ರುಚಿ ಅವಕ್ಕೆ ಬರಲ್ಲ, ಹುಣಸೆ ಸೂಟ್‌ಕೇಸ್ ಪಟ್ಟಿಗೆ.

ಕಪ್ಪು, ಚಮಚ, ಹೊಗೆ

ಅಲ್ಲಿನ ಅಡುಗೆ ಕಲಿಯೋಕೆ ಅಲ್ಲಿನ ರೆಸಿಪಿ ಹಿಡಿದ್ರೆ ಮೊದಲು ತೂಕದ ಮೆಷಿನ್ ತಗೊಳ್ಳಿ. ಅಮೆರಿಕದ ಕಪ್ 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200, ಆ ಜಪಾನಿ ರೈಸ್ ಕುಕ್ಕರ್ ಜೊತೆ ಬರೋ ಕಪ್ ಮಾತ್ರ 180. ಟೇಬಲ್ ಸ್ಪೂನ್ ಹೆಚ್ಚಿನ ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20. ಉಪ್ಪು ಆ ಚಮಚದಲ್ಲಿ ಹಾಕಿದ್ರೆ ಗೊತ್ತಾಗತ್ತೆ. ಗ್ರಾಂ ಲೆಕ್ಕಕ್ಕೆ ದೇಶ ಇಲ್ಲ.

ಹೊಗೆಗೆ ಬಂದ್ರೆ, ಒಲೆ ಮೇಲಿರೋ ಹುಡ್ ಹೊರಗೆ ಪೈಪ್ ಇರೋದಾ ಅಥವಾ ಇದ್ದ ಗಾಳಿನೇ ತಿರುಗಿಸೋದಾ ಅಂತ ಮನೆ ನೋಡೋವಾಗಲೇ ಕೇಳಿ. ಎರಡನೇದ್ರಲ್ಲಿ ಇದ್ದಿಲಿನ ಫಿಲ್ಟರ್ ವಾಸನೆ ಸ್ವಲ್ಪ ಹಿಡಿಯತ್ತೆ, ಮೆಣಸಿನಕಾಯಿ ಘಾಟು ಎಲ್ಲೂ ಹೋಗಲ್ಲ, ಅಲಾರಂ ಕೂಗತ್ತೆ. ಆ ಅಲಾರಂ ಬ್ಯಾಟರಿ ಕಿತ್ತಿಡೋದು ಮಾತ್ರ ಬೇಡ, ಎಷ್ಟೋ ಕಡೆ ಅದು ಕಾನೂನಿಗೆ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಬೆಂಕಿ ಬಿದ್ದಾಗ ಎಬ್ಬಿಸೋದು ಅದೇ. ಎಣ್ಣೆ ಕಾದ ಮೇಲೆ ಒಲೆ ಆಫ್ ಮಾಡಿ ಆಮೇಲೆ ಒಣಮೆಣಸಿನಕಾಯಿ ಹಾಕಿ ಮುಚ್ಚಳ ಮುಚ್ಚಿ, ಅಷ್ಟು ಬಿಸಿ ಸಾಕು. ಶೇರಿಂಗ್ ಮನೆಯಾದ್ರೆ ಇಂಥದ್ದನ್ನ ವಾರಕ್ಕೊಂದು ದಿನ ಒಟ್ಟಿಗೆ ಮಾಡಿ ಐಸ್ ಟ್ರೇಯಲ್ಲಿ ಹಾಕಿ ಫ್ರೀಜ್ ಮಾಡ್ಕೊಳ್ಳೋದು ವಾಸಿ, ಜಗಳನೂ ಕಮ್ಮಿ.

ಕೊನೆಗೆ ಸೂಟ್‌ಕೇಸು

ಇಷ್ಟೆಲ್ಲ ಆದ್ಮೇಲೆ ಅದರೊಳಗೆ ಹೋಗಬೇಕಾದ್ದು ನಿಜಕ್ಕೂ ಕಮ್ಮಿ. ಪುಡಿ ಮಾಡದ ಇಡೀ ಮಸಾಲೆ, ಯಾಕಂದ್ರೆ ಪುಡಿಯ ಪರಿಮಳ ತಿಂಗಳುಗಳಲ್ಲಿ ಹೋಗತ್ತೆ, ಇಡೀದು ವರ್ಷಗಟ್ಟಲೆ ನಿಲ್ಲತ್ತೆ. ಇಂಗು, ಹುಣಸೆ, ನಿಮ್ಮ ಮನೆಯ ಹದದಲ್ಲಿ ಮಾಡಿರೋ ಒಂದೆರಡು ಪುಡಿ ಸ್ವಲ್ಪ ಸ್ವಲ್ಪ, ಫ್ರೀಜರಿನಲ್ಲಿಟ್ರೆ ಅವೂ ಬಾಳಿಕೆ ಬರತ್ತೆ. ಮ್ಯಾಗ್ನೆಟ್ ಕಚ್ಕೊಳ್ಳೋ ಸಣ್ಣ ಕುಕ್ಕರ್ ಮತ್ತೆ ಅದಕ್ಕೆ ಎರಡು ಹೆಚ್ಚುವರಿ ಗ್ಯಾಸ್ಕೆಟ್, ಅಲ್ಲಿ ಅದೇ ಸೈಜಿನ ಗ್ಯಾಸ್ಕೆಟ್ ಹುಡುಕೋದು ದೊಡ್ಡ ತಪಸ್ಸು.

ಬೇಡದ್ದು ಯಾವ್ದು ಅಂತನೂ ನೋಡ್ಕೊಳ್ಳಿ. ಯೂರೋಪಿಯನ್ ಯೂನಿಯನ್ ಒಳಗೆ ಹೊರ ದೇಶಗಳಿಂದ ಮಾಂಸ, ಹಾಲಿನ ಪದಾರ್ಥ ಸ್ವಂತ ಬಳಕೆಗೂ ತರೋ ಹಾಗಿಲ್ಲ, ತುಪ್ಪ, ಹಾಲಿನ ಸ್ವೀಟು ಎಲ್ಲಾ ಈ ಪಟ್ಟಿಗೇ ಬರತ್ತೆ. ಗಸಗಸೆ ಯುಎಇ, ಸಿಂಗಾಪುರದಲ್ಲಿ ನಿಷಿದ್ಧ, ಅಲ್ಲಿ ಅದನ್ನ ಮಾದಕ ವಸ್ತುವಿನ ಕಾನೂನಿನಡಿ ನೋಡ್ತಾರೆ, ಮಸಾಲೆ ಪುಡಿಯೊಳಗೆ ಬೆರೆತಿದ್ರೂ ಸುಮ್ನೆ ರಿಸ್ಕ್ ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗೋರು ತಿನ್ನೋ ಸಾಮಾನು ಏನೇ ಇದ್ರೂ ಫಾರ್ಮಿನಲ್ಲಿ ಹೌದು ಅಂತ ಟಿಕ್ ಮಾಡಿ, ಬಿತ್ತಿದ್ರೆ ಮೊಳಕೆ ಬರೋ ಇಡೀ ಕಾಳು, ಬೀಜ ಇದ್ರಂತೂ ತೆಗೆದು ತೋರ್ಸಿ. ಹೇಳಿದ್ರೆ ಹೆಚ್ಚಂದ್ರೆ ಆ ಪೊಟ್ಟಣ ತಗೊಂಡು ಬಿಸಾಕ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ರೆ ಸ್ಥಳದಲ್ಲೇ ದಂಡ, ಆಸ್ಟ್ರೇಲಿಯಾದಲ್ಲಿ ಪ್ರಕರಣ ಗಂಭೀರ ಅನ್ನಿಸಿದ್ರೆ ವೀಸಾನೇ ರದ್ದು ಮಾಡಿ ವಾಪಸ್ ಕಳಿಸೋ ಅಧಿಕಾರನೂ ಅವರಿಗಿದೆ.